ಹೆಪ್ಪಿನ ಲೆಕ್ಕ

ಮೂರನೇ ತರಗತಿಯ ಅಕ್ಕೋರು ದಿನಕ್ಕೆ ಒಂದೇ ಒಗಟಿನ ಲೆಕ್ಕ ಕೊಡುತ್ತಿದ್ದರು. ಮಕ್ಕಳು ಅದನ್ನು ಮನೆಗೆ ಒಯ್ದು, ಅವ್ವನ ಜೊತೆ ವಾದ ಮಾಡಿ, ಮರುದಿನ ಉತ್ತರ ತರುತ್ತಿದ್ದರು. ವಾರವಾರ ತಪಾಸಣೆಗೆ ಬರುತ್ತಿದ್ದ ಇನ್‌ಸ್ಪೆಕ್ಟರ್ ಸಾಹೇಬರಿಗೆ ಇದು ಹಿಡಿಸಲಿಲ್ಲ.

“ದಿನಕ್ಕ ಎಂಟು ಲೆಕ್ಕ ಮಾಡಸ್ರಿ. ಹುಡುಗ್ರು ಎಂಟು ಪಟ್ಟು ಶ್ಯಾಣ್ಯಾ ಆಗ್ತಾರ. ಇಲ್ಲಂದ್ರ ನಿಮ್ಮ ವರ್ಗಾವಣೆ ಖಾತ್ರಿ!”

ಅಕ್ಕೋರು ಸೀಮೆಸುಣ್ಣ ಕೈಗೆತ್ತಿಕೊಂಡರು.

“ಹಂಗಾರ ಇವತ್ತಿನ ಲೆಕ್ಕ ನೀವ ಬಿಡಸ್ರಿ, ಸಾಹೇಬ್ರ. ಒಂದು ಚಮಚ ಹೆಪ್ಪು ಹಾಕಿದ್ರ ಗಡಿಗಿ ಹಾಲು ಎಂಟು ತಾಸಿನ್ಯಾಗ ಮೊಸರಾಗ್ತದ. ಎಂಟು ಚಮಚ ಹಾಕಿದ್ರ?”

“ಒಂದೇ ತಾಸು!” ಸಾಹೇಬರು ಮೀಸೆ ತಿರುವಿದರು.

ಇಡೀ ತರಗತಿ ಗೊಳ್ಳೆಂದಿತು. ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು. “ಹುಳಿ ಆಗ್ತದ್ರೀ ಸರ. ನಮ್ಮವ್ವ ಬೈತಾಳ!”

ಮೀಸೆಯ ಮೇಲಿದ್ದ ಸಾಹೇಬರ ಕೈ ಮೆಲ್ಲಗೆ ಕೆಳಗಿಳಿಯಿತು.

“ಅಂದ್ರ ದಿನಕ್ಕ ಒಂದ ಸಾಕಂತೀರೇನು?”

“ಸಾಕ್ರಿ. ಆದ್ರ ಹೆಪ್ಪು ಹಾಕಿದ ಮ್ಯಾಲ ಗಡಿಗಿ ಅಲುಗಾಡಸಬಾರದ್ರಿ.”

ಸಾಹೇಬರು ಸದ್ದಾಗದಂತೆ ಚೀಲ ಎತ್ತಿಕೊಂಡು, ತುದಿಗಾಲಿನಲ್ಲಿ ತರಗತಿಯಿಂದ ಹೊರಗೆ ನಡೆದರು.