ಮಡಿಲುಗಲ್ಲಿನ ತಂಪಿನಬೇರು

ಬೆಟ್ಟಗಳಿಗೆ ಇನ್ನೂ ಹೆಸರಿಡದ, ಹೊಲಗಳಿಗೆ ಇನ್ನೂ ಬದು ಹಾಕದ ಪುರಾತನ ಕಾಲದಲ್ಲಿ, ಈಗ ನಾವು ನೀವೆಲ್ಲ ಏದುಸಿರು ಬಿಡುತ್ತಾ ಹತ್ತಿ ಬರುವ ಈ ಮಡಿಲುಗಲ್ಲಿನ ಗಿರಿಪ್ರದೇಶದಲ್ಲಿ, ಪರ್ಣಪಾದನೆಂಬ ಮಹರ್ಷಿಯು ಉದುರಿದ ಎಲೆಗಳನ್ನೇ ಆಹಾರವಾಗಿಸಿಕೊಂಡು ಜಗನ್ಮಾತೆಯನ್ನು ಕುರಿತು ತಪೋನಿರತನಾಗಿದ್ದನು. ಆತನ ನಿಷ್ಠೆಗೆ ಮೆಚ್ಚಿದ ತಾಯಿಯು ಕರುಣಾರ್ದ್ರಹೃದಯಳಾಗಿ, ಸಕಲ ಜ್ವರತಾಪಗಳನ್ನೂ ಹರಣ ಮಾಡುವ ದಿವ್ಯಮೂಲಿಕೆಯೊಂದನ್ನು ಲೋಕಕ್ಕೆ ದಯಪಾಲಿಸಿದಳು. ಬಲ್ಲವರು ಅದನ್ನು ಶೀತಮೂಲವೆಂದರು, ಹಟ್ಟಿಗಳ ಜನ ತಂಪಿನಬೇರು ಎಂದರು. ನೆಲಕ್ಕಂಟಿ ಹಬ್ಬುವ, ಎಲೆಯ ಮೇಲೆಲ್ಲ ಬಿಳಿಯ ನವಿರು ಹೊದ್ದ ಈ ಗಿಡವು ಇಂದು ಅಪರೂಪಕ್ಕೂ ಅಪರೂಪ. ಅಂದಾದರೋ ಅದು ಹುಲ್ಲಿಗಿಂತ ಹುಲುಸಾಗಿತ್ತು, ದನ ತುಳಿದುಹೋದರೂ ಅಯ್ಯೋ ಎನ್ನುವವರಿರಲಿಲ್ಲ.

ಆದರೂ ಮಹರ್ಷಿಯು ಮುಂದಿನದನ್ನು ಬಲ್ಲವನಾದುದರಿಂದ ಎರಡು ಕಟ್ಟಳೆಗಳನ್ನು ವಿಧಿಸಿದನು. ಬೇರು ಬೇಕಾದವನು ಹಿಂದಿನ ಸಂಜೆಯೇ ಹೋಗಿ, ಗಿಡಕ್ಕೆ ಅರಿಸಿನದ ದಾರ ಕಟ್ಟಿ, ನೆಂಟರನ್ನು ಕರೆಯುವ ಹಾಗೆ ಅದನ್ನು ಮನೆಗೆ ಕರೆಯಬೇಕು. ಹಾಗೆ ದಾರ ಕಂಡ ಗಿಡವನ್ನು ಬೇರೆಯವರು ಮುಟ್ಟಬಾರದು, ಕರೆದವನು ಬಿಟ್ಟುಹೋಗಲೂ ಬಾರದು, ಏಕೆಂದರೆ ಕರೆದು ಕೈಬಿಡುವುದು ಮಹಾಪರಾಧ. ಎರಡನೆಯದು, ಹೂಬಿಟ್ಟ ಗಿಡವು ಬಸುರಿಗೆ ಸಮಾನ, ಅದನ್ನು ಯಾವ ಕಾರಣಕ್ಕೂ ಕೀಳಬಾರದು.

ಮಹರ್ಷಿಯು ಬ್ರಹ್ಮೈಕ್ಯನಾಗಿ ಬಹುಕಾಲ ಸಂದ ಬಳಿಕ ಈ ಸೀಮೆಗೆ ಒಂದು ವಿಷಮಜ್ವರ ಬಂದಿತು. ಜ್ವರಕ್ಕಿಂತ ಮುಂಚೆ ಭಯವು ಹಟ್ಟಿಗಳನ್ನು ಹೊಕ್ಕಿತು. ಮೈ ಬಿಸಿಯಾದವರಿರಲಿ, ಸುಮ್ಮನೆ ಸೀನಿದವರೂ ಬೆಟ್ಟಕ್ಕೆ ಓಡಿದರು. ನೆರೆಮನೆಯವನು ದಾರ ಕಟ್ಟಿಬಿಟ್ಟಾನೆಂದು ತಾವೇ ಮೊದಲು ಕಟ್ಟಿದರು. ಒಂದು ಸಂಜೆ ನೋಡನೋಡುತ್ತಿದ್ದಂತೆ ಬೆಟ್ಟವೆಲ್ಲ ದಾರದಿಂದ ಹಳದಿಯಾಯಿತು, ಮರುದಿನ ಮಧ್ಯಾಹ್ನದ ಹೊತ್ತಿಗೆ ಬರಿಯ ಗುಳಿಗಳ ಬೆಟ್ಟವಾಯಿತು. ಕಟ್ಟಳೆಯನ್ನು ಒಬ್ಬರೂ ಮೀರಿರಲಿಲ್ಲ, ಗಿಡ ಮಾತ್ರ ಉಳಿಯಲಿಲ್ಲ. ಬುದ್ಧಿವಂತರ ಊರು ಕೆಡುವುದು ಹೀಗೆಯೇ. ಕಿತ್ತ ಬೇರುಗಳನ್ನು ಕಂತೆ ಕಟ್ಟಿ ಅಟ್ಟದಲ್ಲಿ ತೂಗುಹಾಕಿದರು. ಒಣಗಿದ ತಂಪಿನಬೇರು ಕಸಬರಿಕೆಯ ಕಡ್ಡಿಗೆ ಸಮ ಎಂಬುದು ಆಮೇಲೆ ಗೊತ್ತಾಯಿತು.

ಅಂಥ ಕಂತೆಯೊಂದು ದನಗಾಹಿ ಚಿತ್ತಯ್ಯನ ಅಟ್ಟದಲ್ಲಿಯೂ ತೂಗುತ್ತಿತ್ತು. ಆತನ ಮಡದಿ ಸಿರಿಯಕ್ಕನು ಚೊಚ್ಚಲ ಬಸುರಿ, ದಿನ ತುಂಬುತ್ತಾ ಬಂದಿದ್ದವಳು, ಜ್ವರಪೀಡಿತಳಾಗಿ ಮಲಗಿದಾಗ, ಕಂತೆಯಷ್ಟನ್ನೂ ಅರೆದು ಕುಡಿಸಿದರೂ ತಾಪವು ಒಂದಿಷ್ಟೂ ಇಳಿಯಲಿಲ್ಲ. ಹಸಿಬೇರನ್ನು ಅರಸಿ ಹೊರಟ ಗಂಡನ ಕೈಹಿಡಿದು ಆಕೆ, "ಸಿಕ್ಕಿದ್ರೆ ತಗಂಬಾ. ಸಿಗದಿದ್ರೆ ನೀನಾರ ಬಿರ್ನೆ ಬಾ, ಒಬ್ಳೇ ಇರಾಕೆ ಅಂಜಿಕೆ ಆಗುತ್ತೆ" ಎಂದಳು.

ಗುಳಿಯಿಂದ ಗುಳಿಗೆ ಅಲೆದ ಚಿತ್ತಯ್ಯನಿಗೆ, ಹೊತ್ತು ಇಳಿಯುವ ವೇಳೆಗೆ, ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತ ತಾಯಿಯಂತೆ ತೋರುವ, ಮಡಿಲುಗಲ್ಲೆಂಬ ಈ ಮಹಾಶಿಲೆಯ ಸೀಳಿನಲ್ಲಿ ಒಂದೇ ಒಂದು ಗಿಡ ಕಂಡಿತು. ಆತನು ದಾರ ಕಟ್ಟಿ, "ನಾಳೆ ಬೆಳಿಗ್ಗೆ ಬತ್ತೀನಿ, ನಮ್ಮನೆಗೆ ಬಾರವ್ವ" ಎಂದು ಕರೆದು, ಹೆಂಡತಿಯ ಬಳಿಗೆ ಹಿಂದಿರುಗಿದನು. ಬೆಳಗಾಗುತ್ತಲೇ ಬಂದು ನೋಡಿದರೆ, ಗಿಡದ ತುಂಬ ನಸುನೀಲಿಯ ಹೂ ಅರಳಿತ್ತು.

ಕರೆದದ್ದನ್ನು ಬಿಡುವಂತಿಲ್ಲ, ಹೂಬಿಟ್ಟದ್ದನ್ನು ಕೀಳುವಂತಿಲ್ಲ. ಕೊನೆಯ ಗಿಡವನ್ನು ಕಿತ್ತರೆ ಅದರ ಕುಲವೇ ಅಳಿಯುವುದು, ಕೀಳದಿದ್ದರೆ ಮನೆಯಲ್ಲಿ ಎರಡು ಜೀವ ಹೋಗುವುದು. ಚಿತ್ತಯ್ಯನು ಬಂಡೆಗೆ ಹಣೆಯಿಟ್ಟು, "ನೀನೂ ತುಂಬಿದ ಬಸುರಿ, ನಮ್ಮಾಕೇನೂ ತುಂಬಿದ ಬಸುರಿ. ಒಬ್ಬಾಕೀನ ಕಿತ್ತು ಇನ್ನೊಬ್ಬಾಕೀನ ಹೆಂಗೆ ಉಳಿಸ್ಕಳ್ಳಿ, ತಾಯಿ" ಎಂದು ಅತ್ತನು. ಬಳಿಕ ಕಣ್ಣೊರೆಸಿಕೊಂಡು ಗಿಡದ ದಾರವನ್ನು ಬಿಚ್ಚಿ, ಕರೆದು ಬಿಟ್ಟ ತಪ್ಪು ತನ್ನ ಮೇಲಿರಲೆಂದು ಅದನ್ನು ತನ್ನ ಮುಂಗೈಗೆ ಕಟ್ಟಿಕೊಂಡನು. ಬಸುರಿಯನ್ನು ಬರಿದೇ ಬಿಟ್ಟುಹೋಗುವುದು ಸಲ್ಲದೆಂದು, ತವರಿನವರು ಮಗಳಿಗೆ ಮಡಿಲು ತುಂಬುವಂತೆ, ಬುತ್ತಿಗೆಂದು ತಂದಿದ್ದ ಹಿಡಿ ರಾಗಿಯನ್ನೂ, ದನ ಮೇಯ್ದ ಜಾಗದಿಂದ ಬಾಚಿದ ಒಂದು ಬೊಗಸೆ ಸಗಣಿಗೊಬ್ಬರವನ್ನೂ ಸೀಳಿಗೆ ಸುರಿದು, ಸೋರೆಬುರುಡೆಯ ನೀರನ್ನೆಲ್ಲ ಎರೆದು, ಹಿಂದಿರುಗಿ ನೋಡದೆ ಹೆಜ್ಜೆಯಿಟ್ಟನು.

ಆ ಕ್ಷಣದಲ್ಲಿ ಶಿಲಾಗರ್ಭದಿಂದ ಗಂಭೀರವಾದ ವಾಣಿಯು ಹೊರಹೊಮ್ಮಿತು: "ವತ್ಸ, ನಿಲ್ಲು. ಮಡಿಲು ತುಂಬಿದ ತವರಿನವರನ್ನು ಬರಿಗೈಯಲ್ಲಿ ಕಳುಹಿಸುವ ಮಗಳನ್ನು ನೀನು ಎಲ್ಲಿಯಾದರೂ ಕಂಡಿರುವೆಯಾ? ಈ ಬೇರನ್ನು ತೊಳೆದು ಕೆಳಗಿಳಿಯುತ್ತಿರುವ ನೀರನ್ನು ಒಯ್ದು ನಿನ್ನ ಸತಿಗೆ ಕುಡಿಸು. ಇನ್ನು ಮೇಲೆ ಈ ಮೂಲಿಕೆಯು ಬಯಲಿನಲ್ಲಿ ಬೆಳೆಯದು. ಇದನ್ನು ಶಾಪವೆಂದು ತಿಳಿಯಬೇಡ. ಗೃಹಿಣಿಯು ಬಿತ್ತನೆಯ ಕಾಳಿಗೆ ಬೂದಿ ಬೆರೆಸಿ, ಹಸಿದ ಮಕ್ಕಳ ಕೈಗೂ ಎಟುಕದಂತೆ ಎತ್ತಿಡುವ ಹಾಗೆ, ನಾನಿದನ್ನು ನಿಮಗಾಗಿಯೇ ಎತ್ತಿಟ್ಟಿದ್ದೇನೆ. ನಿನ್ನ ಕೈಯ ದಾರವನ್ನು ಇಲ್ಲಿ ಬಿಚ್ಚಿಡು, ಆ ತಪ್ಪು ನನ್ನದಾಯಿತು."

ಚಿತ್ತಯ್ಯನು ದಾರವನ್ನು ಬಿಚ್ಚಿಟ್ಟು, ಬಂಡೆಯಡಿಯಲ್ಲಿ ತೊಟ್ಟಿಕ್ಕುತ್ತಿದ್ದ ನೀರನ್ನು ಬುರುಡೆಗೆ ಹಿಡಿದು ಓಡಿದನು. ಸಿರಿಯಕ್ಕನ ಜ್ವರ ಅಂದೇ ಬಿಟ್ಟಿತು. ಹುಟ್ಟಿದ ಹೆಣ್ಣುಮಗುವನ್ನು ಎತ್ತಿಕೊಂಡು ದಂಪತಿಗಳು ಮೊದಲು ಬಂದುದು ಈ ಬಂಡೆಗೇ. ಜಗನ್ಮಾತೆಯು ಅಂದಿನಿಂದ ಇಲ್ಲಿ ಮಡಿಲಮ್ಮನೆಂದು ಪೂಜೆಗೊಳ್ಳುತ್ತಿರುವಳು.

ಮಹಾಜನರೇ, ಆ ನೀರು ಇಂದಿಗೂ ತೊಟ್ಟಿಕ್ಕುತ್ತಿದೆ, ನೀವು ಬೊಗಸೆಯೊಡ್ಡಿ ಸ್ವೀಕರಿಸಬಹುದು. ಸೀಳಿನೊಳಗಿನ ಗಿಡವನ್ನು ಕಣ್ಣಿನಿಂದ ಮಾತ್ರ ನೋಡಿರಿ. ಕುಂಡದಲ್ಲಿ ಬೆಳೆಸುತ್ತೇವೆಂದು ಸಸಿಯೊಯ್ದ ಭಕ್ತರೊಬ್ಬರು ಮರುವಾರವೇ ಒಣಕಡ್ಡಿಯೊಂದಿಗೆ ಬಂದು ಅಡ್ಡಬಿದ್ದುದನ್ನು ನಾನೇ ಕಂಡಿದ್ದೇನೆ. ಕಾರ್ತಿಕಮಾಸದಲ್ಲಿ ಅದು ಹೂಬಿಟ್ಟಾಗ ಹಟ್ಟಿಗಳ ಹೆಂಗಸರು ರಾಗಿ, ಗೊಬ್ಬರ, ನೀರು ತಂದು ಮಡಿಲು ತುಂಬುತ್ತಾರೆ. ಎಲ್ಲವೂ ಹೋಗಬಹುದಾಗಿದ್ದ ಕಾಲದಲ್ಲಿ ಒಂದು ಉಳಿಯಿತಲ್ಲ, ಆ ಒಂದಕ್ಕಾಗಿ ಕೈಮುಗಿಯುತ್ತಾರೆ. ಬೇರೆ ಕ್ಷೇತ್ರಗಳಲ್ಲಿ ಭಕ್ತರು ಬೇಡಿಕೊಂಡು ದಾರ ಕಟ್ಟುವುದುಂಟು. ಇಲ್ಲಿಗೆ ಬರುವವರು ಮನೆಯಲ್ಲೇ ಮುಂಗೈಗೆ ದಾರ ಕಟ್ಟಿಕೊಂಡು ಬಂದು, ತಾಯಿಯ ಮುಂದೆ ಬಿಚ್ಚಿಟ್ಟು ಹೋಗುತ್ತಾರೆ.