ಹಾಲಿಗೆ ಉಕ್ಕಬೇಡವೆಂದ ಒಲೆ

ಗೃಹಪ್ರವೇಶದ ದಿನ ಬೆಳಿಗ್ಗೆ, ಗಾಜಿನ ಮೈಯ ಹೊಸ ಒಲೆಯ ಮೇಲೆ ಹಾಲಿನ ಪಾತ್ರೆ ಇಟ್ಟರು. ಒಲೆ ಹಾಲಿಗೆ ಮೆಲ್ಲಗೆ ಹೇಳಿತು: "ಹಾಲಮ್ಮಾ, ಎಷ್ಟು ಬೇಕಾದರೂ ಕುದಿಯಿರಿ, ಉಕ್ಕಲು ಮಾತ್ರ ಹೋಗಬೇಡಿ. ಅಂಗಡಿಯಲ್ಲಿದ್ದಷ್ಟು ದಿನವೂ ನನ್ನ ಮೇಲೆ ಒಂದು ತೊಟ್ಟು ಬಿದ್ದಿಲ್ಲ."

"ಇವತ್ತು ನನ್ನನ್ನು ಕರೆದಿರುವುದೇ ಉಕ್ಕುವುದಕ್ಕೆ ಕಣಪ್ಪ," ಎಂದಿತು ಹಾಲು. "ಆದರೂ ನಿನ್ನ ಮನಸ್ಸು ನೋಯಿಸಿ ಉಕ್ಕಲಾರೆ." ಹಾಗೆಂದು ಕೆನೆಯನ್ನು ಬಿಗಿಯಾಗಿ ಹೊದ್ದು ಪಾತ್ರೆಯ ಅಂಚಿನಲ್ಲೇ ನಿಂತುಬಿಟ್ಟಿತು.

ನೆಂಟರೆಲ್ಲ ಅಡುಗೆಮನೆಯ ಬಾಗಿಲಲ್ಲಿ ಕತ್ತು ಚಾಚಿ ಕಾದರು. ಹರಟೆ ನಿಂತಿತು, ಹೋಳಿಗೆ ತಟ್ಟುವ ಕೈಗಳೂ ನಿಂತವು. ಹಾಲು ಉಕ್ಕದೆ ಊಟಕ್ಕೆ ಎಲೆ ಹಾಕುವಂತಿರಲಿಲ್ಲ. ಮನೆಯೊಡತಿ ಪಂಕಜಾಕ್ಷಿಯ ಮುಖ ಸಪ್ಪಗಾಯಿತು. ಆಕೆ ಒಲೆಯ ಮುಂದೆ ಕೈಮುಗಿದು, "ಏನಪ್ಪಾ, ನಮ್ಮ ಮನೆ ನಿನಗೆ ಹಿಡಿಸಲಿಲ್ಲವೇ?" ಎಂದಳು.

ಆ ಮಾತು ಕೇಳಿದ್ದೇ ತಡ, ಒಲೆ ತಾನೇ ಉರಿ ಏರಿಸಿ, "ಉಕ್ಕಿ ತಾಯಿ, ಉಕ್ಕಿ!" ಎಂದು ಕೂಗಿಕೊಂಡಿತು.

ಹಾಲು ಬುಸ್ಸನೆ ಉಕ್ಕಿ ಒಲೆಯ ಮೈತುಂಬ ಹರಿಯಿತು. ಮನೆಯೆಲ್ಲ ಚಪ್ಪಾಳೆ, ನಗು, "ಎಲೆ ಹಾಕ್ರಪ್ಪಾ!" ಎನ್ನುವ ಗದ್ದಲ.

ಮರುದಿನ ಒಲೆಯನ್ನೇರಿದ ಕುಕ್ಕರ್ ಕೇಳಿತು: "ಅಂಗಡಿಯಲ್ಲಿ ನಾವು ಅಕ್ಕಪಕ್ಕ ಇದ್ದಾಗ ನೀನು ಕನ್ನಡಿಯ ಹಾಗೆ ಹೊಳೆಯುತ್ತಿದ್ದೆ. ಈ ಕಂದು ಕಲೆ ಎಲ್ಲಿಂದ ಬಂತೋ?"

"ಆಗ ಅಂಗಡಿಯಲ್ಲಿದ್ದೆ ಕಣೋ," ಎಂದಿತು ಒಲೆ. "ಈಗ ಮನೆಗೆ ಬಂದಿದ್ದೇನೆ."