ಹೊಟ್ಟೆ ತುಂಬ ನೀರು

ಪಶುವೈದ್ಯ ಕಾಲೇಜಿನ ಡಾಕ್ಟರ್ ಇಂದುಧರರು ಜಂತುಹುಳುವಿಗೆ ಹೊಸ ಔಷಧವೊಂದನ್ನು ಕಂಡುಹಿಡಿದು, ಅದನ್ನು ಮೊದಲು ಒಂದು ಮೇಕೆಗೆ ಕುಡಿಸಿದರು. ಪ್ರತಿ ಸೋಮವಾರ ಅದನ್ನು ತೂಗುತ್ತಿದ್ದರು. ಮುಳ್ಳು ಮೇಲೇರಿದರೆ ಡಾಕ್ಟರ ಮುಖ ಅರಳುತ್ತಿತ್ತು. ಆ ಮುಖವನ್ನು ಬಾಡಿಸಲು ಮೇಕೆಗೆ ಮನಸ್ಸು ಬರಲಿಲ್ಲ. ಔಷಧದಿಂದ ಮೈ ಸೊರಗುತ್ತಿದ್ದರೂ ಅದು ತೂಗುವ ಮುನ್ನ ಹೊಟ್ಟೆ ಬಿರಿಯುವಷ್ಟು ನೀರು ಕುಡಿದು ಬರುತ್ತಿತ್ತು.

"ಇದು ಮೈಯಲ್ಲ ತಾಯಿ, ನೀರು," ಎಂದಿತು ತೂಕದ ಯಂತ್ರ.

"ಗೊತ್ತಿದ್ದರೆ ಸುಮ್ಮನಿರಣ್ಣ. ಒಳ್ಳೆಯ ಮನುಷ್ಯ, ಸಂತೋಷಪಡಲಿ. ನಿನ್ನ ಗಂಟೇನು ಹೋಯಿತು?"

ಐದನೆಯ ಸೋಮವಾರ ಡಾಕ್ಟರು ಸಹಾಯಕಿಗೆ ಹೇಳಿದರು: "ಔಷಧ ನಾಟಿದೆ, ಮಾಲಿನಿ. ನಾಳೆ ಬೆಳಿಗ್ಗೆ ಇದರ ಮರಿಗೂ ಕುಡಿಸೋಣ."

"ಬೇಡ ಸ್ವಾಮಿ, ಅದು ಬರೀ ನೀರು," ಎಂದು ಮೇಕೆ ಅರಚಿತು. ಡಾಕ್ಟರಿಗೆ ಕೇಳಿಸಿದ್ದು 'ಬ್ಯಾ' ಎಂಬ ಕೂಗು ಮಾತ್ರ. ಅವರು ಪ್ರೀತಿಯಿಂದ ಅದರ ಬೆನ್ನು ತಟ್ಟಿ ಹೊರಟರು.

"ನೀನಾದರೂ ಹೇಳಣ್ಣ," ಎಂದು ಮೇಕೆ ಯಂತ್ರವನ್ನು ಬೇಡಿತು.

"ನಮ್ಮ ಭಾಷೆಯಲ್ಲಿ ಅವರಿಗೆ ತಿಳಿಯುವುದು ನನ್ನ ಮುಳ್ಳೊಂದೇ ತಾಯಿ. ಅದರ ಕೈಲಿ ಐದು ವಾರ ನೀನು ಸುಳ್ಳು ಹೇಳಿಸಿದೆ. ಮುಂದಿನ ಸೋಮವಾರ ಬರಿಹೊಟ್ಟೆಯಲ್ಲಿ ಬಾ, ನಿಜ ಹೇಳುತ್ತೇನೆ."

ಮರಿಗೆ ಔಷಧ ಕುಡಿಸುವುದು ಮಂಗಳವಾರವಿತ್ತು.